ಗಿರಣಿ ಮಾಳಿಗೆಯಿಂದ ಅಮ್ಮಾನಿಗೆ

ಕೇಳಿಸಲಿಲ್ಲವೆಂದರೆ ಸೌಂಡು ಏರಿಸು. ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿದ್ದ ನನ್ನ ಮೈಕ್‌ಸೆಟ್ ಅಂಗಡಿಯಲ್ಲಿ ನಡೆಯುತ್ತಿದ್ದುದು ಇದೊಂದೇ ಸಿದ್ಧಾಂತ. ಮದುವೆಯಿರಲಿ, ಉರುಸಿರಲಿ, ಚುನಾವಣೆಯ ಭಾಷಣವಿರಲಿ, ‘ಹಿಂದ ಕುಂತವರಿಗೆ ಕೇಳಸವಲ್ದು’ ಎಂದು ಯಾರಾದರೂ ಬಂದರೆ ಇನ್ನೊಂದು ಭೋಂಗಾ ಸ್ಪೀಕರು ಕಟ್ಟಿ ಆಂಪ್ಲಿಫೈಯರಿನ ಗುಂಡಿ ತಿರುವಿಬಿಡುತ್ತಿದ್ದೆ. ನನ್ನ ಸ್ವಭಾವವೂ ಅದೇ ಜಾತಿಯದು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು ಎಂದುಕೊಂಡಿದ್ದೆ. ಮನೆಯಾಕೆಯ ಅಭಿಪ್ರಾಯ ಬೇರೆ. “ನಿಮ್ಮ ಬಾಯಿಗೆ ಭೋಂಗಾ ಯಾಕ ಬೇಕ್ರಿ? ನೀವು ಆಳಂದದಾಗ ಒದರಿದ್ರ ಅಫಜಲಪುರದಾಗ ನಾಯಿ ಬೊಗಳ್ತಾವ” ಎನ್ನುತ್ತಿದ್ದಳು.

ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಇನ್ನೊಂದು ಹುಚ್ಚು ಇತ್ತು, ಹ್ಯಾಮ್ ರೇಡಿಯೊ. ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದು, ಕೈಯಾರೆ ಕಟ್ಟಿದ ಸೆಟ್ಟಿನಿಂದ ದೂರದೂರದ ಹವ್ಯಾಸಿಗಳ ಜೊತೆ ಮಾತಾಡುವುದು. ನನಗೆ ಮೋರ್ಸ್, ಅಂದರೆ ಚುಕ್ಕೆ-ಗೆರೆಗಳ ತಂತಿಭಾಷೆ, ಕಲಿಸಿದವರು ಕಲಬುರ್ಗಿಯ ತಾರ್ ಆಫೀಸಿನಿಂದ ನಿವೃತ್ತರಾದ ಹಿರಿಯರೊಬ್ಬರು. ಅವರನ್ನು ನಾನು ಗುರುಗಳು ಎಂದೇ ಕರೆಯುವುದು. ಅವರು ಬೈಯದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ ಎಂದರೆ ಸುಳ್ಳಲ್ಲ.

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ತೊಂಬತ್ತರ ಆ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಶಾಲೆಯ ಅಕ್ಕೋರೊಬ್ಬರು ಒಂದು ಟ್ರಾನ್ಸಿಸ್ಟರ್ ಹಿಡಿದು ಅಂಗಡಿಗೆ ಬಂದರು. ಖಜೂರಿಯ ಶಾಲೆಯಲ್ಲಿ ಕಲಿಸುತ್ತಿದ್ದರು, ಆಳಂದದಲ್ಲಿ ಖೋಲಿ ಮಾಡಿಕೊಂಡಿದ್ದರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಖಜೂರಿಗೆ ಬಂದು ಒಂದೆರಡು ತಿಂಗಳಾಗಿರಬೇಕು. ಮೊದಲು ಎಲ್ಲಿದ್ದರೋ ನಾನು ಕೇಳಿರಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ, ಹೇಳುವುದೇ ನನ್ನದು.

“ಸುದ್ದಿ ಬರೂ ಹೊತ್ತಿಗೇ ಇದು ಖರ್‌ಖರ್ ಅಂತದ್ರಿ. ಇವತ್ತೇ ಮಾಡಿ ಕೊಡ್ತೀರೇನು?”

“ನಾಳಿ ಬರ್ರಿ ಅಕ್ಕೋರೇ. ಕೈಯಾಗ ಭಾಳ ಕೆಲಸ ಅದ.”

“ನಾಳಿ ತನಕ ತಡಕೊಳ್ಳೂದು ಆಗಿದ್ರ ನಾ ಸಾಲಿ ರಜಾ ಹಾಕಿ ಬರ್ತಿದ್ದಿಲ್ರಿ” ಎಂದು ಅವರು ಅಲ್ಲೇ ನಿಂತುಬಿಟ್ಟರು. “ನಮ್ಮನಿಯವರು ಕುವೈತಿನಾಗ ಇದ್ದಾರ.”

ಅವರ ಗಂಡ ಶರಣಪ್ಪ, ಜೇವರ್ಗಿಯವನು. ಕುವೈತಿನಲ್ಲಿ ಯಾವುದೋ ಕಟ್ಟಡ ಕಂಪನಿಯ ದೊಡ್ಡ ಲಾರಿ ಓಡಿಸುತ್ತಿದ್ದ. ಬೇಸಿಗೆಯಿಂದೀಚೆಗೆ ಪತ್ರವಿಲ್ಲ, ಈಗ ಫೋನೂ ಇಲ್ಲ. ಅಲ್ಲಿಂದ ಹೊರಬಿದ್ದ ನಮ್ಮ ಜನ ಮರುಭೂಮಿ ದಾಟಿ ಜೋರ್ಡನ್ ದೇಶದ ಅಮ್ಮಾನ್ ಊರಿಗೆ ಬರುತ್ತಿದ್ದಾರೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ ಎಂದು ರೇಡಿಯೊ ಹೇಳುತ್ತಿತ್ತು. ಬಂದವರಲ್ಲಿ ಇವನಿದ್ದಾನೋ ಇಲ್ಲವೋ, ದಾರಿಯಲ್ಲಿ ಏನಾದನೋ ಹೇಳುವವರು ಯಾರೂ ಇರಲಿಲ್ಲ. ರೇಡಿಯೊ ರಿಪೇರಿಯಾಗುವಷ್ಟರಲ್ಲಿ ಅಕ್ಕೋರು ನನ್ನ ಹಿಂದಿನ ಕೋಣೆಯತ್ತ ಕಣ್ಣು ಹಾಯಿಸಿದರು.

“ನೀವು ಪರದೇಶದವರ ಕೂಡ ಮಾತಾಡ್ತೀರಂತ. ಖರೇ ಏನ್ರಿ?”

ಬೇರೆ ಯಾರಾದರೂ ಕೇಳಿದ್ದರೆ ಅರ್ಧ ತಾಸು ಕೊಚ್ಚಿಕೊಳ್ಳುತ್ತಿದ್ದೆ. ಅವರ ಮುಖ ನೋಡಿ ಕೊಚ್ಚಿಕೊಳ್ಳುವ ಮನಸ್ಸಾಗಲಿಲ್ಲ. “ಕೇಳಿ ನೋಡೂಣು ಅಕ್ಕೋರೇ” ಎಂದೆ.

ಮೂರನೆಯವರ ಸುದ್ದಿ ಸಾಗಿಸಲು ಹ್ಯಾಮ್‌ಗಳಿಗೆ ಹಾಗೇ ಹಕ್ಕಿಲ್ಲ, ಸಂಕಟಕಾಲದಲ್ಲೂ ಅನುಮತಿ ಬೇಕು. ಗುರುಗಳು ಎಲ್ಲೆಲ್ಲಿಗೋ ತಂತಿ ಕೊಟ್ಟು ಅದನ್ನು ತರಿಸಿದರು. ಆ ಸಂಜೆಯೇ ನಾನು ಶಾರ್ಟ್‌ವೇವ್ ಸೆಟ್ಟಿಗೆ ಕೂತೆ. ಅಬ್ಬಾ, ಅದೇನು ಗದ್ದಲ! ಕೊಲ್ಲಿಯ ಕಡೆಯ ಒಂದು ಸ್ಟೇಷನ್ ಉಸಿರೆತ್ತಿದರೆ ಸಾಕು, ಅದರ ಮೇಲೆ ನೂರಾರು ಜನ ಒಮ್ಮೆಲೇ ಬೀಳುತ್ತಿದ್ದರು. ದೊಡ್ಡ ದೊಡ್ಡ ಕಂಪನಿ ಸೆಟ್ಟಿನವರ ನಡುವೆ ನನ್ನ ಮನೆಕಟ್ಟಿನ ಸೆಟ್ಟನ್ನು ಕೇಳುವವರು ಯಾರು? ನಾನೇನು ಮಾಡಿದೆ? ಅಂಗಡಿಯ ಸಿದ್ಧಾಂತ ಪಾಲಿಸಿದೆ. ವೋಲ್ಟೇಜು ಏರಿಸಿದೆ, ಇನ್ನಷ್ಟು ಏರಿಸಿದೆ. ಎರಡನೆಯ ಸಂಜೆ ಔಟ್‌ಪುಟ್ ವಾಲ್ವು ಕೆಂಪಗೆ ಕಾದು, ಟಪ್ಪೆಂದು ಹೋಯಿತು. ಅಂಥ ವಾಲ್ವು ಸಿಗಬೇಕಾದರೆ ಹೈದರಾಬಾದಿನ ಗುಜರಿ ಬಜಾರಕ್ಕೆ ಹೋಗಬೇಕು, ಹೋದರೂ ಸಿಗುತ್ತದೆಂಬ ಭರವಸೆ ಇಲ್ಲ.

ಟ್ರಂಕ್ ಕಾಲ್ ಹಚ್ಚಿ ಗುರುಗಳಿಗೆ ಹೇಳಿದೆ. ಅವರು ಮೊದಲು ಮನಸಾರೆ ಬೈದರು. ಆಮೇಲೆ, “ತಮ್ಮಾ, ಆ ಸಂತಿಯಾಗ ಯಾಕ ಒದರ್ತಿ? ಅಮ್ಮಾನಿನ ಒಬ್ಬ ಹ್ಯಾಮ್ ಸಂಜಿಮುಂದ ಉಪಗ್ರಹದ ಮ್ಯಾಲ ಬರಾಕತ್ತಾನ. ಕ್ಯಾಂಪಿನಾಗ ಇದ್ದವರ ಖಬರ್ ಅಂವ ಹೇಳ್ತಾನಂತ. ಅಲ್ಲಿ ಗದ್ದಲಿಲ್ಲ. ನನ್ನದು ಬರೀ ಕೇಳೂ ಸೆಟ್ಟು. ನಿನ್ನ ಹಂತ್ಯಾಕ ಆ ಸೆಟ್ಟು ಅದಲ್ಲ?” ಎಂದರು.

ಇತ್ತು. ಉಪಗ್ರಹದ ಸೆಟ್ಟು ಕಟ್ಟಿ ವರ್ಷವಾಗಿತ್ತು, ನಾಕಾರು ಸಲ ಚೆನ್ನೈ, ಕೊಲಂಬೊ ಸಿಕ್ಕಿದ್ದೂ ಉಂಟು. ತಿಳಿಯದವರಿಗೆ ಎರಡು ಮಾತು ಹೇಳಬೇಕು. ರಷ್ಯದವರು ಹ್ಯಾಮ್‌ಗಳಿಗೆಂದೇ ಹಾರಿಸಿದ್ದ ಒಂದು ಉಪಗ್ರಹ ಭೂಮಿಯನ್ನು ಸುತ್ತುತ್ತಿತ್ತು. ನಾವು ಒಂದು ತರಂಗದಲ್ಲಿ ಮೇಲಕ್ಕೆ ಕಳಿಸಿದ್ದನ್ನು ಅದು ಕೇಳಿ, ಅದೇ ಕ್ಷಣ ಇನ್ನೊಂದು ತರಂಗದಲ್ಲಿ ಕೆಳಕ್ಕೆ ಹೇಳುತ್ತದೆ. ಅದಕ್ಕೆ ಯಾರು ಯಾರು ಕಾಣುತ್ತಾರೋ ಅವರೆಲ್ಲ ಪರಸ್ಪರ ಮಾತಾಡಬಹುದು. ಆದರೆ ಅದು ನಿಲ್ಲುವುದಿಲ್ಲ. ಒಂದು ದಿಕ್ಕಿನಲ್ಲಿ ಹುಟ್ಟಿ, ಕಾಲು ತಾಸಿನೊಳಗೆ ಇನ್ನೊಂದು ದಿಕ್ಕಿನಲ್ಲಿ ಮುಳುಗುತ್ತದೆ. ಆಳಂದಕ್ಕೂ ಅಮ್ಮಾನಿಗೂ ಒಟ್ಟಿಗೆ ಕಾಣಬೇಕಾದರೆ ಅದು ಅರಬ್ಬೀ ಸಮುದ್ರದಾಚೆ, ಒಮಾನಿನ ಮೇಲೆ ಇರಬೇಕು. ನಮಗದು ಪಡುವಣದಲ್ಲಿ, ನೆಲಕ್ಕೆ ತಾಗಿದಂತೆ ಹಾಯ್ದು ಹೋಗುತ್ತದೆ. ಹೆಚ್ಚೆಂದರೆ ಏಳೆಂಟು ನಿಮಿಷ. ದಿನಕ್ಕೆ ಒಂದೇ ಸಲ, ಸಂಜೆ.

ಪಡುವಣ ಎಂಬುದೇ ನನಗೆ ತೊಡಕು. ನನ್ನ ಅಂಗಡಿಯ ಪಡುವಣಕ್ಕೆ ಎರಡಂತಸ್ತಿನ ಹಿಟ್ಟಿನ ಗಿರಣಿ ನಿಂತಿತ್ತು. ಅದರ ಕಲ್ಲಿನ ಗೋಡೆ ದಾಟಿ ಉಪಗ್ರಹವಲ್ಲ, ಸೂರ್ಯನೂ ನನಗೆ ಕಾಣುತ್ತಿರಲಿಲ್ಲ. ಸಾಲದ್ದಕ್ಕೆ ಆ ಗಿರಣಿಯ ಮೋಟಾರಿನ ಕಿಡಿ ನನ್ನ ರಿಸೀವರಿನಲ್ಲಿ ಸದಾ ಬರ್ರೋ ಎನ್ನುತ್ತಿತ್ತು. ಗಿರಣಿಯ ಸಾವಕಾರನಿಗೂ ನನಗೂ ಹಾವು ಮುಂಗುಸಿ ಸಂಬಂಧ. ಭೋಂಗಾ ಟೆಸ್ಟ್ ಮಾಡಿ ತನ್ನ ತಲೆ ತಿನ್ನುತ್ತೇನೆಂದು ಅವನ ತಕರಾರು. ಅವನ ಗಿರಣಿ ನನ್ನ ರೇಡಿಯೊ ಕೊಲ್ಲುತ್ತದೆಂದು ನನ್ನ ತಕರಾರು. ಮೂರು ವರ್ಷದಿಂದ ಎದುರು ಬಂದರೆ ಇಬ್ಬರೂ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆವು.

ಅಂಥವನ ಮುಂದೆ ಹೋಗಿ ನಿಂತೆ. ಅಕ್ಕೋರೂ ಜೊತೆಗಿದ್ದರು. ನಿನ್ನ ಮಾಳಿಗೆ ಬೇಕು, ಸಂಜೆ ಅರ್ಧ ತಾಸು ಗಿರಣಿ ಬಂದ್ ಇಡಬೇಕು ಎಂದೆ. ಸಂಜೆ ಎಂದರೆ ಹೊಲದಿಂದ ಬಂದ ಹೆಂಗಸರು ಜೋಳದ ಬುಟ್ಟಿ ಇಟ್ಟು ಸಾಲು ಹಚ್ಚುವ ಹೊತ್ತು. ರಾತ್ರಿ ರೊಟ್ಟಿಗೆ ಹಿಟ್ಟು ಆಗಬೇಕು.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಊರಿಗೆ ಊರೇ ಕಿವುಡು ಮಾಡಾಂವ ಇವತ್ತು ನನಗ ಸಪ್ಪಳ ಮಾಡಬ್ಯಾಡ ಅಂತ ಹೇಳಾಕ ಬಂದೀಯೇನಲೇ?”

ನನ್ನ ಸಿಟ್ಟು ಮೂಗಿನ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿದೆ. ಅಕ್ಕೋರು ಒಂದೇ ಮಾತು ಆಡಿದರು. “ಕಾಕಾ, ನಮ್ಮನಿಯವರು ಅದಾರೋ ಇಲ್ಲೋ ಗೊತ್ತಾಗವಲ್ದ್ರಿ.”

ಸಾವಕಾರ ಹೆಗಲ ಮೇಲಿನ ಟವೆಲ್ಲು ಕೊಡವಿದ. ಎದ್ದು ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ, “ಇವತ್ತಿಂದ ಸಂಜಿ ಗಿರಣಿ ಅರ್ಧ ತಾಸು ಬಂದ್. ಯಾರರೇ ಬಾಯಿ ಮಾಡಿದ್ರ ಬೀಸಿ ಕೊಡಂಗಿಲ್ಲ ನೋಡ್ರಿ” ಎಂದ. ನನ್ನ ಕಡೆ ತಿರುಗಲೂ ಇಲ್ಲ.

ಸೆಟ್ಟು, ಮೈಕ್‌ಸೆಟ್ಟಿನ ಎರಡು ಬ್ಯಾಟರಿ, ಅಲ್ಯುಮಿನಿಯಂ ಕೊಳವೆಯ ಏರಿಯಲ್ಲು ಎಲ್ಲವನ್ನೂ ಹೊತ್ತು ಗಿರಣಿ ಮಾಳಿಗೆ ಹತ್ತಿಸಿದೆ. ಮೇಲೆ ನಿಂತರೆ ಪಡುವಣದಲ್ಲಿ ತೊಗರಿಯ ಹೊಲ, ಖಜೂರಿ ಕಡೆಗೆ ಹೋಗುವ ಲಾರಿಗಳ ಸಾಲು, ಅದರಾಚೆ ಆಕಾಶದ ಅಂಚು. ಅಡ್ಡ ಏನೂ ಇಲ್ಲ. ಅಮ್ಮಾನು ಅಲ್ಲೇ ಎಲ್ಲೋ ಇದ್ದಂತೆ ಅನಿಸಿತು. ಉತ್ಸಾಹದಲ್ಲಿ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಮಿಲಿಟರಿ ಗುಜರಿಯ ವಾಲ್ವಿನಿಂದ ಕಟ್ಟಿದ್ದ ನನ್ನ ಹೆಮ್ಮೆಯ ಪವರ್ ಆಂಪ್ಲಿಫೈಯರನ್ನೂ ಮೇಲಕ್ಕೆ ಏರಿಸಿ ಜೋಡಿಸಿದೆ. ಉಪಗ್ರಹ ದೂರ, ಕೂಗು ಜೋರಿರಲಿ ಎಂದು.

ಕೆಳಗೆ ಗಿರಣಿ ನಿಂತಿತು. ಆ ನಿಶ್ಶಬ್ದಕ್ಕೇ ಬೀದಿಯ ಜನ ತಲೆಯೆತ್ತಿ ನೋಡಿದರು. ಗುರುಗಳು ಹೇಳಿದ ಹೊತ್ತಿಗೆ ಸರಿಯಾಗಿ ಹೆಡ್‌ಫೋನಿನಲ್ಲಿ, ಉಪಗ್ರಹ ತಾನು ಬಂದೆನೆಂದು ಸಾರುವ ಪೀಪಿ ಕೇಳಿಸಿತು. ಅದರ ಪಕ್ಕದಲ್ಲಿ ಸಣ್ಣಗೆ ಒಂದೆರಡು ಮೋರ್ಸ್ ದನಿಗಳು. ನಾನು ಮೈಕು ಹಿಡಿದು ಕರೆದೆ. ಉಪಗ್ರಹದ ಕೆಲಸದಲ್ಲಿ ಒಂದು ಪದ್ಧತಿಯಿದೆ. ನೀನು ಕಳಿಸಿದ್ದು ಮೇಲೆ ಹೋಗಿ ಮರಳಿ ನಿನ್ನ ಕಿವಿಗೇ ಬರಬೇಕು, ಬಂದರೆ ಮಾತ್ರ ಮುಂದಿನವರಿಗೂ ಕೇಳುತ್ತಿದೆ ಎಂದರ್ಥ. ನನ್ನ ದನಿ ಬರಲಿಲ್ಲ. ಆಂಪ್ಲಿಫೈಯರ್ ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಆಗ ಒಂದು ವಿಚಿತ್ರ ನಡೆಯಿತು. ನಾನು ಬಾಯಿ ತೆರೆದಾಗಲೆಲ್ಲ ಉಳಿದ ದನಿಗಳು ಮುಳುಗುತ್ತಿದ್ದವು, ಸುಮ್ಮನಾದರೆ ಏಳುತ್ತಿದ್ದವು. ನಾನು ಒದರುತ್ತಲೇ ಇದ್ದೆ. ಕೊನೆಗೆ ಎಲ್ಲಿಯವರೋ ಏನೋ, ಖಾರವಾದ ಕೈಯಿಂದ ಮೋರ್ಸಿನಲ್ಲಿ ನನ್ನ ಮೇಲೇ ಬಡಿದರು. ಕ್ಯೂ ಆರ್ ಪಿ, ಕ್ಯೂ ಆರ್ ಪಿ. ಪವರ್ ಇಳಿಸು, ಪವರ್ ಇಳಿಸು. ಆಮೇಲೆ ಹ್ಯಾಮ್‌ಗಳು ಅಡ್ನಾಡಿ ಆಪರೇಟರನಿಗೆ ಹೇಳುವ ಬೈಗುಳ ಒಂದನ್ನು ಕಳಿಸಿದರು. ಅಷ್ಟರಲ್ಲಿ ಉಪಗ್ರಹ ಮುಳುಗಿತು.

ಅಕ್ಕೋರು ಕಸೂತಿಯ ಚೀಲವನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. “ಸಿಕ್ಕಿದ್ರೇನ್ರಿ?” ಎಂದರು. ಸಿಗಲಿಲ್ಲ ಎಂದೆ. ಬೈಸಿಕೊಂಡದ್ದನ್ನು ಹೇಳಲು ಬಾಯಿ ಬರಲಿಲ್ಲ. ಅಂಥ ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಮತ್ತೆ ಟ್ರಂಕ್ ಕಾಲ್. ಗುರುಗಳು ಎಲ್ಲ ಕೇಳಿದರು, ಈ ಸಲ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

“ಆ ಉಪಗ್ರಹಕ್ಕ ಒಂದು ಬಲ್ಬಿನಷ್ಟೂ ಕರೆಂಟಿಲ್ಲೋ ತಮ್ಮಾ. ಒಬ್ಬ ಜೋರಾಗಿ ಒದರಿದ್ರ ಅದು ತನ್ನ ಕಿವಿನೇ ಸಣ್ಣ ಮಾಡಿಕೊಂತದ. ಉಳದವರು ಎಲ್ಲಾರೂ ಮುಳಗ್ತಾರ. ಇವತ್ತು ನೀ ಅಮ್ಮಾನಿನವಂಗೂ ಮುಳಗ್ಸಿದಿ. ಅಂವ ಅಲ್ಲೇ ಇದ್ದ, ನಾ ಇಲ್ಲಿಂದ ಕೇಳೀನಿ.”

ಅಲ್ಲೇ ಇದ್ದ! ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ನಾನು ಯಾರನ್ನು ಹುಡುಕುತ್ತಿದ್ದೆನೋ ಅವನ ಬಾಯಿಯನ್ನು ನಾನೇ ಮುಚ್ಚಿದ್ದೆ.

“ಹಂಗಾದ್ರ ನನ್ನ ದನಿ ನನಗ ಯಾಕ ಬರಲಿಲ್ರಿ?”

“ನೀ ಕಿವುಡ ಇದ್ದಿ, ಅದಕ್ಕ. ನಿನ್ನ ರಿಸೀವರ್ ಮೊದಲೇ ಕಿವುಡು, ನೀ ಬಾಜೂಕ ಒದರಿದ್ರ ಪೂರಾ ಕಿವುಡಾಗ್ತದ. ಬಾಯಿಗಿ ಹಾಕಿದ್ದರ ಅರ್ಧ ಕಿವಿಗಿ ಹಾಕು.”

ಆ ರಾತ್ರಿ ಮನೆಯಾಕೆ ತಾಟು ಇಟ್ಟು ಕರೆದಳು, ಹೋಗಲಿಲ್ಲ. ಎರಡು ಮನಸ್ಸು. ಆಂಪ್ಲಿಫೈಯರ್ ಬಿಟ್ಟರೆ ನನ್ನ ಸೆಟ್ಟಿನಲ್ಲಿ ಉಳಿಯುವುದು ಒಂದು ಕೈಬ್ಯಾಟರಿಯ ಬಲ್ಬು ಉರಿಸುವಷ್ಟು ಶಕ್ತಿ. ಅಷ್ಟರಲ್ಲಿ ಮಾತು ಹೋಗದು, ಮೋರ್ಸ್ ಮಾತ್ರ ಹೋದೀತು. ಮೋರ್ಸಿನಲ್ಲಿ ನನ್ನ ಕೈ ನಿಧಾನ. ಸಿಗುವ ಏಳೆಂಟು ನಿಮಿಷದಲ್ಲಿ ಎಷ್ಟು ಹೇಳಲಾದೀತು? ಅದೇ ಬಾಯಿಂದಾದರೆ ಇಡೀ ಕಥೆ ಹೇಳಿಬಿಡಬಹುದು. ಕೊನೆಗೆ ಎದ್ದು, ಆಂಪ್ಲಿಫೈಯರಿನ ವಾಲ್ವು ಕಿತ್ತು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಜೋಡಿಸಿಟ್ಟರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಅಂಗಡಿ ತೆರೆಯಲಿಲ್ಲ. ಒಂದು ಕೆಟ್ಟ ಟಿವಿ ಬೂಸ್ಟರಿನ ಟ್ರಾನ್ಸಿಸ್ಟರ್ ಕಿತ್ತೆ. ಅದನ್ನಿಟ್ಟು, ತಾಮ್ರದ ತಂತಿ ಸುತ್ತಿ, ಏರಿಯಲ್ಲಿನ ಬುಡದಲ್ಲೇ ಕೂರುವಂಥ ಒಂದು ಸಣ್ಣ ಪ್ರಿಆಂಪ್ಲಿಫೈಯರ್ ಕಟ್ಟಿದೆ. ರಿಸೀವರಿಗೆ ಹೊಸ ಕಿವಿ. ಮೊದಲ ಸಲ ಅದು ತಾನೇ ಕೂಗಾಡಿತು. ಸುರುಳಿ ಬಿಚ್ಚಿ, ಒಂದೊಂದೇ ಸುತ್ತು ಕಡಿಮೆ ಮಾಡುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಯಿತು. ಅಷ್ಟು ಹೊತ್ತು ನಾನೂ ಯಾರೊಡನೆಯೂ ಮಾತಾಡಿರಲಿಲ್ಲ.

ಸಂಜೆ ಗಿರಣಿ ನಿಂತಿತು. ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟು ಮೂರು ಚುಕ್ಕೆ ಒತ್ತಿದೆ. ಮಾಯೆಯೋ ಎಂಬಂತೆ ಅದೇ ಮೂರು ಚುಕ್ಕೆ ಆಕಾಶದಿಂದ ಮರಳಿ ನನ್ನ ಕಿವಿಗೆ ಬಿದ್ದವು, ತೆಳ್ಳಗೆ, ಸ್ಪಷ್ಟವಾಗಿ. ಉಪಗ್ರಹ ಓಡುತ್ತಿದ್ದಂತೆ ಅದರ ಸ್ವರ ಇಳಿಯುತ್ತ ಹೋಗುತ್ತದೆ, ಬೆನ್ನು ಹತ್ತಿದಂತೆ ರಿಸೀವರಿನ ಗುಂಡಿ ತಿರುವುತ್ತಲೇ ಇರಬೇಕು. ಬಲಗೈಯಲ್ಲಿ ಕೀಲಿ, ಎಡಗೈಯಲ್ಲಿ ಗುಂಡಿ. ಏರಿಯಲ್ಲು ತಿರುಗಿಸುವುದು ಯಾರು? ಸಾವಕಾರ ಯಾವಾಗ ಮೇಲೆ ಬಂದಿದ್ದನೋ, ಕಂಬ ಹಿಡಿದು ನಿಂತಿದ್ದ. “ಯಾ ಕಡಿ ಹೊಳ್ಳಸಬೇಕು ಹೇಳಲೇ” ಎಂದ.

ಅಮ್ಮಾನಿನವನು ಮೊದಲ ಕರೆಗೇ ಉತ್ತರ ಕೊಟ್ಟ! ನಿಧಾನದ, ಸಮಾಧಾನದ ಕೈ. ನಾನು ಹೆಸರು ಕಳಿಸಿದೆ. ಶರಣಪ್ಪ. ಗೊಂದಲವಾಗಬಾರದೆಂದು ಮತ್ತೆ ಕಳಿಸಿದೆ, ಮತ್ತೂ ಕಳಿಸಿದೆ. ಮೊದಲು ಸಾಲಾಗಿ ಏಳು ಚುಕ್ಕೆ, ನಡುವೆ ಸ್ವಲ್ಪ ತೊಡಕು, ಕೊನೆಗೆ ಡಿ-ಡಾ-ಡಾ-ಡಿ (ಡಿ ಎಂದರೆ ಚುಕ್ಕೆ, ಡಾ ಎಂದರೆ ಗೆರೆ) ಎರಡು ಸಲ, ಆಮೇಲೆ ಒಂದು ಡಿ-ಡಾ. ಕರ್ನಾಟಕ, ಲಾರಿ ಡ್ರೈವರ್ ಎಂದೆ. ‘ಕ್ಯಾಂಪಿನಲ್ಲಿ ವಿಚಾರಿಸುತ್ತೇನೆ, ನಾಳೆ ಇದೇ ಹೊತ್ತಿಗೆ’ ಎಂದ. ಮುಳುಗಿತು.

ನಾನು ಹೆಡ್‌ಫೋನು ತೆಗೆದಾಗ ಅಕ್ಕೋರು ತುಟಿಯಲ್ಲೇ ಏನೋ ಗುಣುಗುಣಿಸುತ್ತಿದ್ದರು. ಡಿ-ಡಾ-ಡಾ-ಡಿ, ಡಿ-ಡಾ-ಡಾ-ಡಿ, ಡಿ-ಡಾ. “ಇದೇ ಅಲ್ಲೇನ್ರಿ ಅವರ ಹೆಸರು?” ಎಂದರು. ಕೀಲಿ ಒತ್ತಿದಾಗ ಸೆಟ್ಟಿನ ಸಣ್ಣ ಸ್ಪೀಕರಿನಲ್ಲಿ ಕೇಳಿ ಕೇಳಿ ಕಲಿತಿದ್ದರು. ಹೌದೆಂದೆ. ನಾಳೆಯಿಂದ ಉತ್ತರವೂ ಅವರಿಗೆ ಕೇಳಲಿ ಎಂದು ಹೆಡ್‌ಫೋನಿನ ಬದಲು ಅದೇ ಸ್ಪೀಕರನ್ನು ರಿಸೀವರಿಗೂ ಜೋಡಿಸಿದೆ.

ಮಾಳಿಗೆ ಹತ್ತಿದ ಮೂರನೆಯ ಸಂಜೆ ಗಾಳಿಯಿತ್ತು. ಸಾವಕಾರ ಎರಡೂ ಕೈಯಿಂದ ಕಂಬ ತಬ್ಬಿಕೊಂಡಿದ್ದ. ಅಮ್ಮಾನು ತಡವಾಗಿ ಸಿಕ್ಕಿತು, ಅರ್ಧ ಅವಧಿ ಕಳೆದಿತ್ತು. ಬಂದದ್ದನ್ನು ಬರೆದುಕೊಳ್ಳುತ್ತ ಹೋದೆ. ‘ಆ ಹೆಸರಿನವರು ಮೂವರು. ಇಬ್ಬರು ಕ್ಯಾಂಪಿನಲ್ಲಿ. ಒಬ್ಬ ದಾರಿಯಲ್ಲಿ ತೀರಿಕೊಂಡಿದ್ದಾನೆ. ನಿಮ್ಮವನು ಯಾರು?’ ನಾನು ಉತ್ತರಿಸಲು ಬೆರಳೆತ್ತುವಷ್ಟರಲ್ಲಿ ಪೀಪಿ ಗಾಳಿಗದ್ದಲದಲ್ಲಿ ಕರಗಿಹೋಯಿತು.

“ಹೆಸರು ಬಂತಲ್ರಿ. ನಾ ಕೇಳೀನಿ” ಎಂದು ಅಕ್ಕೋರು ಎದ್ದು ಬಂದರು. “ಮುಂದ ಏನ್ ಬಂತು?”

ಮುಚ್ಚಿಡಬಹುದಿತ್ತು. ನನಗೆ ಮುಚ್ಚಿಡುವ ವಿದ್ಯೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾವಕಾರ ಕಂಬ ಬಿಟ್ಟು ಕೂತುಬಿಟ್ಟ. “ಕಲಬುರ್ಗಿ ಜಿಲ್ಲಾದಾಗ ಕಲ್ಲು ಒಗದ್ರ ಶರಣಪ್ಪನ ಮ್ಯಾಲ ಬೀಳ್ತದವ್ವಾ. ಅಂವ ಯಾವನೋ ಏನೋ” ಎಂದ. ಸಮಾಧಾನದ ಮಾತು. ಅವನ ದನಿಯೇ ಅದನ್ನು ನಂಬಿರಲಿಲ್ಲ.

ಅಕ್ಕೋರು ಅಳಲಿಲ್ಲ. ಮಾಳಿಗೆಯ ಕುಂಬಿಯ ಮೇಲೆ ಕೂತು ತುಂಬ ಹೊತ್ತು ಖಜೂರಿ ರೋಡಿನ ಲಾರಿಗಳನ್ನೇ ನೋಡಿದರು.

“ನಾಳಿ ಜೇವರ್ಗಿಯಾಂವ ಅಂತ ಹೇಳಿಬಿಡ್ತೀನ್ರಿ ಅಕ್ಕೋರೇ. ಗೊತ್ತಾಗ್ತದ” ಎಂದೆ.

“ಬ್ಯಾಡ್ರಿ. ಪ್ರಶ್ನಿಯೊಳಗ ಉತ್ತರ ಇಟ್ರ ಎಲ್ಲಾ ಹುಡುಗ್ರೂ ಪಾಸಾಗ್ತಾವ.”

“ಹಂಗಾದ್ರ ಹುಟ್ಟಿದ ಊರು ಯಾವ್ದು ಅಂತ ಅವರಿಗೇ ಕೇಳಸೂಣು.”

“ಅದು ಪಾಸ್‌ಪೋರ್ಟಿನಾಗ ಅದ. ಸತ್ತವರ ಕಿಸೇನೂ ಅದರ ಉತ್ತರ ಹೇಳ್ತದ್ರಿ.” ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದರು. “ಇದ್ದಾಂವ ಅಷ್ಟೇ ಹೇಳೂವಂಥದ್ದು ಕೇಳ್ರಿ. ಹೆಂಡ್ತಿ ಯಾ ಊರಾಗ ಸಾಲಿ ಕಲಸ್ತಾಳ ಅಂತ ಕೇಳ್ರಿ. ಅದು ಯಾವ ಕಾಗದದಾಗೂ ಇಲ್ಲ.”

ಗುರುಗಳಿಗೂ ಹೊಳೆಯದ ಯುಕ್ತಿ ಅದು. ಆದರೆ ಒಂದು ತೊಂದರೆಯಿತ್ತು. ನಾನು ಪ್ರಶ್ನೆ ಕಳಿಸಿ, ಅವನು ಕ್ಯಾಂಪಿಗೆ ಹೋಗಿ ಕೇಳಿ, ಉತ್ತರ ತರಬೇಕಾದರೆ ಎರಡು ಸಂಜೆ ಬೇಕು. ನಾಲ್ಕನೆಯ ಸಂಜೆ ಪ್ರಶ್ನೆ ಕಳಿಸಿದೆ. ಅಮ್ಮಾನಿನವನು ಅಷ್ಟನ್ನೂ ಮರಳಿ ಓದಿ ಹೇಳಿದ. ಕೊನೆಗೆ, ‘ವಿಮಾನಗಳು ಹೋಗುತ್ತಿವೆ, ಇಬ್ಬರೂ ಇನ್ನೂ ಇದ್ದರೆ ಕೇಳುತ್ತೇನೆ’ ಎಂದ. ಆ ಮಾತು ಮುಳ್ಳಿನ ಹಾಗೆ ನಟ್ಟಿತು.

ಎರಡು ಸಂಜೆಗಳ ನಡುವಿನ ಹಗಲು ಅಕ್ಕೋರು ಎಂದಿನಂತೆ ಖಜೂರಿ ಬಸ್ಸು ಹತ್ತಿದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ, ಹುಡುಗರ ಮುಂದೆ ನಿಂತರೆ ನಿಲ್ಲಬಲ್ಲೆ ಎಂದರು. ನಾನು ಒಂದು ಮದುವೆಯ ಮೈಕ್‌ಸೆಟ್ ಆರ್ಡರ್ ಬಿಟ್ಟುಕೊಟ್ಟೆ. ಬೀದಿಯ ಹೆಂಗಸರು ಜೋಳದ ಬುಟ್ಟಿಗಳನ್ನು ಗಿರಣಿಯ ಕಟ್ಟೆಯ ಮೇಲಿಟ್ಟು, ಸಂಜೆಯ ಹೊತ್ತಿಗೆ ತಾವಾಗಿಯೇ ಮಾತು ನಿಲ್ಲಿಸುವುದನ್ನು ಕಲಿತಿದ್ದರು. ಮಾತಿನ ಸಪ್ಪಳ ರೇಡಿಯೊಕ್ಕೆ ತಾಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. “ಇರಲಿ ಬಿಡಪ್ಪಾ, ನಮ್ಮದೊಂದು” ಎಂದಳು ಒಬ್ಬ ಮುದುಕಿ.

ಐದನೆಯ ಸಂಜೆ. ಗಿರಣಿ ನಿಂತಿತು. ಪೀಪಿ ಹುಟ್ಟಿತು. ನಾನು ಕರೆದೆ, ಉತ್ತರವಿಲ್ಲ. ಮತ್ತೆ ಕರೆದೆ. ನನ್ನ ದನಿ ನನಗೆ ಚೆನ್ನಾಗಿ ಬರುತ್ತಿತ್ತು, ಅಮ್ಮಾನು ಮಾತ್ರ ಇಲ್ಲ. ಎರಡು ನಿಮಿಷ, ಮೂರು. ಕೈ ಅಭ್ಯಾಸದಂತೆ ಆಂಪ್ಲಿಫೈಯರಿನ ಗುಂಡಿ ಇದ್ದ ಜಾಗಕ್ಕೆ ಹೋಯಿತು. ಅಲ್ಲಿ ಬರಿ ಗಾಳಿ. ಕೈ ಹಿಂದೆ ತೆಗೆದು, ಕೀಲಿಯನ್ನೂ ಬಿಟ್ಟು, ಸುಮ್ಮನೆ ಕೇಳುತ್ತ ಕೂತೆ. ಬಾಯಿಯನ್ನೂ ಕೈಯನ್ನೂ ಕಟ್ಟಿಕೊಂಡು ಕೂರುವುದು ಎಷ್ಟು ಕಷ್ಟ ಎಂದು ನನ್ನಂಥವನನ್ನು ಕೇಳಬೇಕು. ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತಿದ್ದಾಗ ತಳದಲ್ಲೆಲ್ಲೋ ಆ ಸಮಾಧಾನದ ಕೈ ಕೇಳಿಸಿತು. ಅವನು ಆಗಲೇ ಕಳಿಸುತ್ತಿದ್ದ. ನಾನು ಕೂಗುತ್ತಿದ್ದಾಗಲೂ ಕಳಿಸುತ್ತಿದ್ದನೋ ಏನೋ.

ಏಳು ಚುಕ್ಕೆ.

ನಾನು ಪೆನ್ಸಿಲು ಊರುವ ಮೊದಲೇ ಅಕ್ಕೋರು ನಿಂತಿದ್ದರು. ಹೆಸರು ಪೂರ್ತಿ ಬಂತು. ಆಮೇಲೆ, ‘ಹೇಳುತ್ತಾನೆ’ ಎಂಬ ಪದ. ಹೇಳುತ್ತಾನೆ ಎಂದರೆ ಇದ್ದಾನೆ. ಆದರೆ ಯಾವ ಶರಣಪ್ಪ? ಉಪಗ್ರಹ ಅಂಚಿಗೆ ಇಳಿಯುತ್ತಿತ್ತು, ಸಾವಕಾರ ಏರಿಯಲ್ಲನ್ನು ತೊಗರಿ ಹೊಲಕ್ಕೆ ತಾಗುವಷ್ಟು ಬಗ್ಗಿಸಿದ್ದ. ಊರಿನ ಹೆಸರು ಶುರುವಾಯಿತು. ಗೆರೆ, ಚುಕ್ಕೆ, ಗೆರೆ. ಕೆ. ಖಜೂರಿ ಎನ್ನಲು ಇನ್ನು ಎಚ್ ಬರಬೇಕು, ನಾಲ್ಕು ಚುಕ್ಕೆ. ಒಂದು ಚುಕ್ಕೆ ಬಂತು. ಆಮೇಲೆ ಗೆರೆ.

ಎಚ್ ಅಲ್ಲ. ಎ.

ಕೈ ತಾನಾಗಿ ಬರೆಯುತ್ತ ಹೋಯಿತು. ಡಿ, ಎ, ಜಿ, ಎ, ಎನ್. ಅಲ್ಲಿಗೆ ಗಾಳಿಗದ್ದಲ. ಉಪಗ್ರಹ ಮುಳುಗಿತ್ತು.

ಕಡಗಂಚಿ. ಅದೂ ನಮ್ಮ ಆಳಂದ ತಾಲೂಕಿನದೇ ಊರು; ಹೆಂಡತಿ ಅಲ್ಲಿನ ಶಾಲೆಯಲ್ಲಿ ಕಲಿಸುವ ಬೇರೆ ಯಾವನೋ ಶರಣಪ್ಪ. ನಮ್ಮವನು ಅವನಲ್ಲ. ಇನ್ನೊಬ್ಬನ ಉತ್ತರ ಬರಲೇ ಇಲ್ಲ; ದಾರಿಯಲ್ಲಿ ತೀರಿಹೋದವನೇ ನಮ್ಮವನಾಗಿದ್ದರೆ... ನನಗೆ ತಲೆಯೆತ್ತಲು ಆಗಲಿಲ್ಲ. ಕಾಗದ ಕೈಯಲ್ಲೇ ಇತ್ತು.

“ಕೊಡ್ರಿ ಇಲ್ಲಿ” ಎಂದರು ಅಕ್ಕೋರು.

ಕೊಟ್ಟೆ. ಇಂಗ್ಲಿಷಿನ ಆ ಅರ್ಧ ಹೆಸರನ್ನು ಅವರು ಒಮ್ಮೆ ಓದಿದರು. ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಮಾಳಿಗೆಯ ನೆಲದ ಮೇಲೆ ಕುಸಿದು ಕೂತರು. ಸಾವಕಾರ ಏರಿಯಲ್ಲು ಕೈಬಿಟ್ಟು ಓಡಿ ಬಂದ. ಅದು ಗೋಡೆಗೆ ಬಡಿದು ಬಾಗಿದ್ದನ್ನು ಆ ಹೊತ್ತಿಗೆ ಯಾರೂ ನೋಡಲಿಲ್ಲ.

“ಯವ್ವಾ, ಧೈರ್ಯ ತಗೋಬೇಕವ್ವಾ...”

ಅಕ್ಕೋರು ತಲೆಯೆತ್ತಿದಾಗ ಕಣ್ಣಿಂದ ಧಾರಾಕಾರ ಇಳಿಯುತ್ತಿತ್ತು, ಮುಖ ನಗುತ್ತಿತ್ತು.

“ಈ ಜೂನ್ ತನಕ ನಾ ಕಡಗಂಚಿ ಸಾಲ್ಯಾಗೇ ಇದ್ದೆನ್ರಿ. ಖಜೂರಿಗಿ ವರ್ಗ ಆಗ್ಯಾದ ಅಂತ ಬರದ ಪತ್ರ ಅವರಿಗೆ ಮುಟ್ಟೇ ಇಲ್ಲ!”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೂ ನಾನು ಕೂಗಲಿಲ್ಲ, ಕುಣಿಯಲಿಲ್ಲ. ಕೀಲಿಯ ಮುಂದೆ ಹಾಗೇ ಕೂತು ಹೆಂಗಸರ ಹಾಗೆ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕೆಳಗೆ ಇಡೀ ಬೀದಿ ಉಸಿರು ಹಿಡಿದು ನಿಂತಿತ್ತು, ಬುಟ್ಟಿಗಳ ಪಕ್ಕದಲ್ಲಿ ಆ ಮುದುಕಿ ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದಳು.

ಅಕ್ಕೋರು ನನ್ನ ಪೆನ್ಸಿಲು ಕೇಳಿ ಇಸಿದುಕೊಂಡರು. ಆ ಊರಿನ ಹೆಸರಿನ ಮುಂದೆ, ಹುಡುಗರ ಪೇಪರಿನಲ್ಲಿ ಹಾಕುವ ಹಾಗೆ, ದೊಡ್ಡದೊಂದು ರೈಟ್ ಗುರುತು ಹಾಕಿದರು.

“ಉತ್ತರ ತಪ್ಪು ಅದ” ಎಂದರು. “ಮಾರ್ಕ್ಸ್ ಪೂರಾ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಸಾವಕಾರನ ಕಡೆ ತಿರುಗಿದರು. “ಕಾಕಾ, ಹೆಣಮಕ್ಳು ಕಾಯಾಕತ್ತಾರ. ಗಿರಣಿ ಚಾಲೂ ಮಾಡ್ರಿ.”